ಉರಿಯೂತದ ಬೆನ್ನು ಹತ್ತಿದ ಸ್ಟೀರಾಯ್ಡ್

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡು ವರ್ಷ ಕಳೆಯುವುದರೊಳಗೆ ಆ ಔಷಧ ಕಣ್ಣಿನ ವೈದ್ಯರ ಕೈಗೂ ಬಂತು. ಅಲ್ಲಿಯವರೆಗೆ ಯುವಿಯೈಟಿಸ್‌ಗೆ, ಅಂದರೆ ಕಣ್ಣೊಳಗಿನ ರಕ್ತನಾಳಭರಿತ ಪದರದ ಉರಿಯೂತಕ್ಕೆ, ಅಟ್ರೋಪಿನ್ ಹನಿ ಹಾಕುತ್ತಿದ್ದರು, ಶಾಖ ಕೊಡುತ್ತಿದ್ದರು. ಬೇಕೆಂದೇ ಜ್ವರ ಬರಿಸುವ ಚುಚ್ಚುಮದ್ದೂ ಇತ್ತು.

ಬೇಗನೆ ಬಳಕೆಗೆ ಬಂದದ್ದು ಹನಿಮದ್ದು. ಉರಿಯೂತ ಕಣ್ಣಿನ ಮುಂಭಾಗದಲ್ಲಿದ್ದರೆ ಇಂದಿಗೂ ಅದೇ ಮೊದಲ ಚಿಕಿತ್ಸೆ. ಸ್ಲಿಟ್ ಲ್ಯಾಂಪಿನ ಕಿರಿದಾದ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ತೇಲುವಂತೆ ಬಿಳಿ ರಕ್ತಕಣಗಳು ಕಾಣುತ್ತವೆ. ಪ್ರೆಡ್ನಿಸೋಲೋನ್ ಅಸಿಟೇಟ್ ಎಂಬ ಸ್ಟೀರಾಯ್ಡ್‌ನ 1% ಹನಿಯನ್ನು ಗಂಟೆಗೊಮ್ಮೆ ಹಾಕುತ್ತಾ ಬಂದರೆ ಆ ಕಣಗಳು ದಿನದಿಂದ ದಿನಕ್ಕೆ ವಿರಳವಾಗುತ್ತವೆ. ಈ ಔಷಧ ಬಾಟಲಿಯ ತಳದಲ್ಲಿ ಕೂರುವುದರಿಂದ ಚೆನ್ನಾಗಿ ಅಲುಗಾಡಿಸಿಯೇ ಹಾಕಬೇಕು. ಇಷ್ಟು ಸಣ್ಣ ಮಾತನ್ನು ರೋಗಿಗೆ ಬಿಡಿಸಿ ಹೇಳದಿದ್ದರೆ ಒಳ್ಳೆಯ ಮದ್ದೂ ವ್ಯರ್ಥ.

ಹನಿಯ ಮಿತಿ ಬೇಗನೆ ಗೊತ್ತಾಯಿತು. ಹಾಕಿದ್ದರಲ್ಲಿ ಶೇ. 5ಕ್ಕಿಂತ ಕಡಿಮೆ ಭಾಗವಷ್ಟೇ ಕಣ್ಣೊಳಗೆ ಇಳಿಯುತ್ತದೆ. ಹಿಂಭಾಗದ ಅಕ್ಷಿಪಟಲವನ್ನು ಸಾಕಷ್ಟು ಮುಟ್ಟುವುದಿಲ್ಲ. ಜೊತೆಗೆ, ಸ್ಟೀರಾಯ್ಡ್‌ನಿಂದ ಕಣ್ಣೊತ್ತಡ ಏರುತ್ತದೆ ಎಂಬುದು 1950ರ ದಶಕದಲ್ಲೇ ವರದಿಯಾಯಿತು. 1960ರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ನುಂಗಿದವರ ಕಣ್ಣಲ್ಲಿ ಪೊರೆ ಬೆಳೆಯುವುದೂ ಕಂಡಿತು. ಕಣ್ಣಿನ ವೈದ್ಯರಾದ ಆರ್ಮಲಿ ಮತ್ತು ಬೆಕರ್ ಅವರ ಅಧ್ಯಯನಗಳು, ಹನಿ ಹಾಕಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಒತ್ತಡ ಒಂದಷ್ಟು ಏರುತ್ತದೆ, ನೂರರಲ್ಲಿ ಐದಾರು ಜನರಿಗೆ ತೀರಾ ಹೆಚ್ಚುತ್ತದೆ ಎಂದು ತೋರಿಸಿದವು. ಈ ಕ್ಷೇತ್ರದ ಮುಂದಿನ ಪ್ರತಿ ಹೆಜ್ಜೆಗೂ ಕಣ್ಣೊತ್ತಡ, ಪೊರೆ ಎಂಬ ಈ ಎರಡು ತೊಂದರೆಗಳು ಜೊತೆಯಾಗಿಯೇ ಬಂದಿವೆ.

ಮದ್ದನ್ನು ಹಿಂಭಾಗಕ್ಕೆ ತಲುಪಿಸಲು ಮೊದಲು ಕಣ್ಣುಗುಡ್ಡೆಯ ಹೊರಗೋಡೆಯ ಪಕ್ಕ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. 1979ರ ಸುಮಾರಿಗೆ ಕಣ್ಣಿನ ಶಸ್ತ್ರವೈದ್ಯ ರಾಬರ್ಟ್ ಮ್ಯಾಕೆಮರ್ ಪ್ರಾಣಿಗಳ ಕಣ್ಣಿನ ಒಳಗೇ ಸ್ಟೀರಾಯ್ಡ್ ಇಟ್ಟು ಪರೀಕ್ಷಿಸಿದರು. ಅದು ರೋಗಿಗಳ ಚಿಕಿತ್ಸೆಯಲ್ಲಿ ವ್ಯಾಪಕವಾದದ್ದು 2000ದ ನಂತರ. ಸಾಮಾನ್ಯ ಪ್ರಮಾಣ 4 ಮಿಲಿಗ್ರಾಂ. ಗುಣ ಕೆಲವು ತಿಂಗಳಷ್ಟೇ.

ಮತ್ತೆ ಮತ್ತೆ ಚುಚ್ಚುವುದನ್ನು ತಪ್ಪಿಸಲು, ಕಣ್ಣೊಳಗೆ ಕೂತು ಮದ್ದನ್ನು ನಿಧಾನವಾಗಿ ಬಿಡುವ ಇಂಪ್ಲಾಂಟ್ ಹುಟ್ಟಿತು. 2005ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ರೆಟಿಸರ್ಟ್ ಎರಡೂವರೆ ವರ್ಷ ಫ್ಲುಯೊಸಿನೋಲೋನ್ ಎಂಬ ಸ್ಟೀರಾಯ್ಡ್ ಬಿಡುತ್ತದೆ, ಆದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಹೊಲಿಯಬೇಕು. 2010ರಲ್ಲಿ ಯುವಿಯೈಟಿಸ್‌ಗೆ ಮಾನ್ಯತೆ ಸಿಕ್ಕ ಓಜುರ್ಡೆಕ್ಸ್‌ಗೆ ಹೊಲಿಗೆ ಬೇಡ. ಸುಮಾರು 6 ಮಿಲಿಮೀಟರ್ ಉದ್ದದ, ಸಣ್ಣ ಕಡ್ಡಿಯಂಥ ತುಣುಕನ್ನು ಸೂಜಿಯ ಮೂಲಕ ಒಳಸೇರಿಸುತ್ತಾರೆ. ಅದರಲ್ಲಿ 0.7 ಮಿಲಿಗ್ರಾಂ ಡೆಕ್ಸಾಮೆಥಸೋನ್ ಇರುತ್ತದೆ. ಮದ್ದನ್ನು ಹಿಡಿದಿಟ್ಟ ಪಾಲಿಮರ್ ನಿಧಾನವಾಗಿ ನೀರು, ಇಂಗಾಲದ ಡೈಆಕ್ಸೈಡ್ ಆಗಿ ಕರಗಿಹೋಗುತ್ತದೆ.

ಹಾಗಾದರೆ ಮೈಗೆಲ್ಲ ಹರಡುವ ಮಾತ್ರೆಗಿಂತ ಕಣ್ಣಿಗೆ ಮಾತ್ರ ಕೊಡುವುದೇ ಮೇಲಲ್ಲವೇ? ಉತ್ತರ ಹುಡುಕಿದ ಮಸ್ಟ್ ಅಧ್ಯಯನ 255 ರೋಗಿಗಳನ್ನು ಸೇರಿಸಿಕೊಂಡಿತು. ಎರಡು ವರ್ಷಕ್ಕೆ ರೆಟಿಸರ್ಟ್ ಗುಂಪಿನಲ್ಲೂ, ಮಾತ್ರೆ ಹಾಗೂ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಪಡೆದ ಗುಂಪಿನಲ್ಲೂ ದೃಷ್ಟಿ ಹೆಚ್ಚುಕಡಿಮೆ ಸಮಾನ. ಏಳು ವರ್ಷಕ್ಕೆ ಲೆಕ್ಕ ಬದಲಾಯಿತು. ದೃಷ್ಟಿ ಚೆನ್ನಾಗಿ ಉಳಿದದ್ದು ಮಾತ್ರೆಯವರಲ್ಲಿ. ಇಂಪ್ಲಾಂಟ್ ಗುಂಪಿನಲ್ಲಿ ಪೊರೆ ಮತ್ತು ಕಣ್ಣೊತ್ತಡಕ್ಕಾಗಿ ಶಸ್ತ್ರಚಿಕಿತ್ಸೆ ಹೆಚ್ಚು ಬೇಕಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಫಲಿತಾಂಶ ಇದೇ. ಎರಡೇ ವರ್ಷಕ್ಕೆ ನಿಲ್ಲಿಸಿದ್ದರೆ ನಾವು ತಪ್ಪು ತೀರ್ಮಾನಕ್ಕೆ ಬಂದಿರುತ್ತಿದ್ದೆವು.

2021ರಲ್ಲಿ ಇನ್ನೊಂದು ದಾರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು: ಕಣ್ಣಿನ ಬಿಳಿಗೋಡೆಗೂ ಅದರೊಳಗಿನ ರಕ್ತನಾಳದ ಪದರಕ್ಕೂ ನಡುವಿನ ಕಿರುಸಂದಿಗೆ, ಒಂದು ಮಿಲಿಮೀಟರ್ ಆಸುಪಾಸಿನ ಸೂಜಿಯಿಂದ ಟ್ರಯಾಮ್ಸಿನೋಲೋನ್ ಬಿಡುವುದು. ಈ ವಿಧಾನದ ಪೀಚ್‌ಟ್ರೀ ಎಂಬ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 47ರಷ್ಟು ಮಂದಿ 24 ವಾರಕ್ಕೆ ದೃಷ್ಟಿಪಟ್ಟಿಯಲ್ಲಿ 15 ಅಥವಾ ಹೆಚ್ಚು ಅಕ್ಷರಗಳನ್ನು ಹೆಚ್ಚಾಗಿ ಓದಿದರು. ಹುಸಿ ಚಿಕಿತ್ಸೆಯವರಲ್ಲಿ ಶೇ. 16.

ಭಾರತದಲ್ಲಿ ಸೂಜಿ ಎತ್ತುವ ಮೊದಲೇ ಇನ್ನೊಂದು ಕೆಲಸವಿದೆ. ಇಲ್ಲಿ ಕ್ಷಯವೂ ಯುವಿಯೈಟಿಸ್‌ಗೆ ಕಾರಣವಾಗುತ್ತದೆ, ಟೊಕ್ಸೊಪ್ಲಾಸ್ಮಾ ಸೋಂಕೂ ಇದೆ. ಸೋಂಕನ್ನು ತಳ್ಳಿಹಾಕದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಒಳಗೊಳಗೇ ಹಬ್ಬುತ್ತದೆ. ಇದೇ ಅಪಾಯ ಕಣ್ಣಿನ ಹೊರಮೈಯಲ್ಲೂ ಇದೆ: ಭತ್ತದ ಗರಿ ಗೀರಿ ಕಣ್ಣಿನ ಕರಿಗುಡ್ಡೆಯ ಮೇಲೆ ಶಿಲೀಂಧ್ರದ ಹುಣ್ಣಾದ ರೈತನಿಗೆ, ಚೀಟಿಯಿಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಕೊಂಡ ಸ್ಟೀರಾಯ್ಡ್ ಹನಿ ಕಣ್ಣನ್ನೇ ಕಳೆಯಬಲ್ಲದು. ಮೊದಲ ದಿನ ಕೆಂಪು ಇಳಿದಂತೆ ಕಾಣುವುದೇ ಅವನನ್ನು ಆಸ್ಪತ್ರೆಗೆ ಹೋಗದಂತೆ ತಡೆಯುತ್ತದೆ.