ಗೇಮ್, ಎಡಿಟಿಂಗ್‌ಗೆ ಕಂಪ್ಯೂಟರ್ ಜೋಡಿಸೋರು ಮೊದಲು ಎಸ್‌ಎಂಪಿಎಸ್ ನೋಡಿ

ಜವಳಗೇರಾ: ಮದುವೆ ವಿಡಿಯೋ ಎಡಿಟ್ ಮಾಡೋ ಸ್ಟುಡಿಯೋದವರು, ಗೇಮ್ ಆಡೋ ಹುಡುಗರು ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಬೇಕಂದ್ರೆ ಮೊದಲು ಕೇಳೋದೇ ಗ್ರಾಫಿಕ್ಸ್ ಕಾರ್ಡ್. ರೊಕ್ಕ ಅಲ್ಲೇ ಖಾಲಿಯಾಗಿ ಎಸ್‌ಎಂಪಿಎಸ್ ಅಗ್ಗದ್ದು ಬೀಳ್ತದೆ. ಕರೆಂಟ್ ಏರಿಳಿತ ಇರೋ ನಮ್ಮ ಕಡೆ ಇದು ಉಲ್ಟಾ ಲೆಕ್ಕ. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಬೋರ್ಡ್, ಕಾರ್ಡ್ ಎರಡನ್ನೂ ಜೊತೆಗೆ ಒಯ್ಯಬಹುದು.

ಆರ್‌ಟಿಎಕ್ಸ್ 4060 ಕಾರ್ಡ್ ಎಳೆಯೋದು 115 ವ್ಯಾಟ್. ಅದಕ್ಕೆ ಕಂಪನಿ ಹೇಳೋದು 550 ವ್ಯಾಟ್‌ನ ಎಸ್‌ಎಂಪಿಎಸ್. '80 ಪ್ಲಸ್' ಅನ್ನೋದು ಕರೆಂಟ್ ಉಳಿತಾಯದ ಗುರುತು, ಬಾಳಿಕೆಯ ಗ್ಯಾರಂಟಿ ಅಲ್ಲ. ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ. ಇನ್ನು 600 ವಿಎ ಯುಪಿಎಸ್ ಸಾಮಾನ್ಯವಾಗಿ ತಡೆಯೋದು 360 ವ್ಯಾಟ್ ಅಷ್ಟೇ. ರೆಂಡರ್ ನಡುವೆ ಕರೆಂಟ್ ಹೋದರೆ ಮಾನಿಟರ್ ಸೇರಿ ಭಾರ ಆಗ್ತದೆ, 1 ಕೆವಿಎ ಇರಲಿ. ಅರ್ಥಿಂಗ್ ಸರಿ ಐತೋ ಇಲ್ಲೋ ತೋರಿಸಿಕೊಳ್ಳಿ.

ಎಡಿಟಿಂಗ್‌ಗೆ ಇಂಟೆಲ್ ತಗೊಳ್ಳೋರು ಹೆಸರಿನ ಕೊನೆಗೆ 'ಎಫ್' ಇರೋ ಪ್ರೊಸೆಸರ್ ಬಿಡಿ. ಅದರೊಳಗೆ ಗ್ರಾಫಿಕ್ಸ್ ಇರಲ್ಲ. ಈಗಿನ ಕ್ಯಾಮೆರಾಗಳ 10 ಬಿಟ್ ಫೈಲ್ ತಡೆಯಿಲ್ಲದೆ ಓಡೋಕೆ ಅದರ ನೆರವು ದೊಡ್ಡದು. ರ್‍ಯಾಮ್ ಗೇಮ್‌ಗೆ 16 ಜಿಬಿ ಸಾಕು, 4ಕೆ ಎಡಿಟಿಂಗ್‌ಗೆ 32. ಎಎಂಡಿಯ ಎಎಂ5 ಬೋರ್ಡ್‌ಗೆ ಹಳೇ ಡಿಡಿಆರ್4 ಕೂರಲ್ಲ.

ಭತ್ತದ ಕಟಾವಿನ ಧೂಳು, ರಾಯಚೂರು ಬಿಸಿಲು ಎರಡೂ ನೆನಪಿರಲಿ. ಮುಂದೆ ಜಾಲರಿ, ಬಿಚ್ಚಿ ಝಾಡಿಸೋ ಫಿಲ್ಟರ್ ಇರೋ ಕ್ಯಾಬಿನೆಟ್ ಬೇಕು. ಗಾಜಿನ ಮುಖದ್ದು ಫೋಟೋಗೆ ಚೆಂದ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೂ ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಬಿಲ್ ಬೇಡ, 18 ಪರ್ಸೆಂಟ್ ಉಳೀತದೆ ಅಂತ ಯಾರಾದರೂ ಅಂದರೆ, ವಾರಂಟಿ ಯಾರ ಹತ್ತಿರ ಕೇಳಬೇಕು ಅಂತ ಅಲ್ಲೇ ಕೇಳಿ.