ಮೆಣಸು, ಟೊಮೆಟೊ ಮತ್ತು ಸೂರತ್ತಿನ ಮೀನು

"ಗುಜರಾತಲ್ಲಿ ಮೀನು ಸಿಕ್ತದಾ ಮಾರಾಯಾ?" ಉಡುಪಿ ಕಡೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ವಡೋದರಕ್ಕೆ ಬಂದು ಮೂವತ್ತು ವರ್ಷ ದಾಟಿತು, ಪ್ರಶ್ನೆ ಮಾತ್ರ ಬದಲಾಗಿಲ್ಲ. ಸಿಗುತ್ತದೆ ಸ್ವಾಮಿ! ದೇಶದಲ್ಲೇ ಅತಿ ಉದ್ದದ ಕರಾವಳಿ ಇರುವ ರಾಜ್ಯ ಇದು. ವೆರಾವಳದ ಮೀನು ಹೊರದೇಶಕ್ಕೂ ಹೋಗುತ್ತದೆ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಇಲ್ಲಿ ನೂರಕ್ಕೆ ಸುಮಾರು 39 ಮಂದಿ ಮಾಂಸಾಹಾರಿಗಳು. ಹಾಗಿದ್ದೂ ಬಾಡಿಗೆ ಮನೆ ಹುಡುಕಲು ಹೋದರೆ ಹೆಸರು ಕೇಳುವ ಮೊದಲೇ "ವೆಜ್ಜಾ, ನಾನ್‌ವೆಜ್ಜಾ" ಅಂತ ಕೇಳುತ್ತಾರೆ, ಅದು ಬೇರೆ ವಿಷಯ.

ನಾನು ಹೇಳಹೊರಟದ್ದು ನಮ್ಮ ಮನೆಯ ಭಾನುವಾರದ ಸಾರಿನ ಬಗ್ಗೆ. ಮೀನನ್ನು ಮೊದಲು ಹುರಿದು, ಆಮೇಲೆ ಟೊಮೆಟೊ ಮತ್ತು ಮೆಣಸಿನ ಮಸಾಲೆಯಲ್ಲಿ ಕುದಿಸುವುದು. ಇದು ಅಮ್ಮನ ಅಡಿಗೆ ಅಲ್ಲ. ಅಮ್ಮನದು ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ ಅರೆದು, ಹಸಿ ಮೀನನ್ನೇ ಹಾಕುವ ಪದ್ಧತಿ. ಹುರಿದ ಮೀನನ್ನು ಸಾರಿಗೆ ಹಾಕುವುದೆಂದರೆ ಅವಳ ಲೆಕ್ಕದಲ್ಲಿ ಒಂದೇ ಮೀನಿನಿಂದ ಎರಡು ಅಡಿಗೆ ಕೆಡಿಸಿದ ಹಾಗೆ :)

ಆದರೆ ಇಲ್ಲಿ ಮೀನು ಬರುವುದು ಐಸಿನಲ್ಲಿ ಮಲಗಿಕೊಂಡು. ಹಸಿಯಾಗಿ ಸಾರಿಗೆ ಹಾಕಿದರೆ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ. ಹುರಿದರೆ ತುಂಡು ಗಟ್ಟಿಯಾಗುತ್ತದೆ, ವಾಸನೆಯೂ ಇಳಿಯುತ್ತದೆ. ಇದನ್ನು ಕಲಿಸಿದ್ದು ಪಕ್ಕದ ಮನೆಯ ಬಂಗಾಳಿ ಬೌದಿ. ಅವರು ರೋಹು, ಕಟ್ಲಾ ಹುರಿಯದೆ ಸಾರು ಮಾಡುವುದೇ ಇಲ್ಲ. ಕಾಯಿ ದುಬಾರಿ, ಟೊಮೆಟೊ ಅಗ್ಗ. ಹೀಗೆ ಹುಟ್ಟಿತು ನಮ್ಮ ಸಾರು. ಇದು ನಮ್ಮದೇ ಆವಿಷ್ಕಾರ ಅಂತ ಬಹಳ ದಿನ ಜಂಬ ಇತ್ತು. ಸೂರತ್ತಿನ ಪಾರ್ಸಿ ಸ್ನೇಹಿತರೊಬ್ಬರ ಮನೆಯಲ್ಲಿ 'ಪಾತಿಯೊ' ಉಂಡ ಮೇಲೆ ಅದು ಇಳಿಯಿತು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸು, ಟೊಮೆಟೊ. ಮೇಲೆ ಬೆಲ್ಲ ಮತ್ತು ವಿನೆಗರ್. ಅದರಲ್ಲಿ ಪಾಂಪ್ಲೆಟ್ (ನಮ್ಮ ಮಾಂಜಿ) ಅಥವಾ ಸಿಗಡಿ. ಬಿಳಿ ಅನ್ನ, ತೊಗರಿಬೇಳೆಯ ಜೊತೆ ಇದನ್ನು ಹುಟ್ಟುಹಬ್ಬ, ನವರೋಜಿನಂಥ ಶುಭದಿನಗಳಲ್ಲಿ ಮಾಡುತ್ತಾರೆ. ಅವರಿಗೆ ಮೀನು ಮಂಗಳಕರ. ಹೊಸ್ತಿಲ ರಂಗೋಲಿಯಲ್ಲೂ ಮೀನೇ! ನಾವು ಪಾರ್ಸಿ ಅಂದರೆ ನೆನೆಸುವ 'ಧನ್‌ಸಾಕ್' ಇದೆಯಲ್ಲ, ಅದನ್ನು ಸಾವಿನ ನಾಲ್ಕನೇ ದಿನ ಮಾಡುವುದರಿಂದ ಶುಭದಿನಗಳಲ್ಲಿ ಮಾಡುವುದಿಲ್ಲ. ಇಂಗ್ಲೆಂಡಿನ ಇಂಡಿಯನ್ ಹೋಟೆಲುಗಳಲ್ಲಿ ಸಿಗುವ 'ಪಥಿಯಾ' ಈ ಪಾತಿಯೊದ ಮೊಮ್ಮಗ.

ಈಗ ಈ ಪಾತ್ರೆಯೊಳಗಿನ ಸಾಮಾನಿನ ಜಾತಕ ನೋಡಿ. ಮೆಣಸಿನಕಾಯಿ ಅಮೆರಿಕದ್ದು. ಪೋರ್ಚುಗೀಸರು ತಂದದ್ದು. ಅವರು ಗೋವೆ ಹಿಡಿದದ್ದು 1510ರಲ್ಲಿ, ದಿಯುವಿನಲ್ಲಿ ಕೋಟೆ ಕಟ್ಟಿದ್ದು 1535ರಲ್ಲಿ, ಸೂರತ್ತಿನ ದಕ್ಷಿಣದ ದಮನ್ ತೆಗೆದುಕೊಂಡದ್ದು 1559ರಲ್ಲಿ. ಅಂದರೆ ನಮ್ಮ ಕರಾವಳಿ, ಇವರ ಕರಾವಳಿ ಎರಡಕ್ಕೂ ಒಂದೇ ಹಡಗಿನವರು. ಬಂದ ಹೊಸ ಕಾಯಿಗೆ ಹೆಸರಿಡುವಾಗ ಎರಡೂ ಕಡೆಯವರ ತಲೆ ಒಂದೇ ಥರ ಓಡಿದೆ! ನಾವು ಮೊದಲೇ ಇದ್ದ ಮೆಣಸಿನ ಹೆಸರು ಕೊಟ್ಟು 'ಮೆಣಸಿನಕಾಯಿ' ಅಂದೆವು; ಹಳೆಯದು ಪಾಪ 'ಕಾಳುಮೆಣಸು' ಆಗಬೇಕಾಯಿತು, ನಮ್ಮ ಕಡೆ 'ಒಳ್ಳೆಮೆಣಸು'. ಗುಜರಾತಿಯಲ್ಲಿ ಕಾಳುಮೆಣಸು 'ಮರಿ', ಮೆಣಸಿನಕಾಯಿ 'ಮರ್ಚು'. ಎರಡೂ ಸಂಸ್ಕೃತದ 'ಮರೀಚ'ದ ಮಕ್ಕಳು. ತರಕಾರಿಯವಳ ಹತ್ತಿರ ಮರ್ಚು ಕೊಳ್ಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಟೊಮೆಟೊ ಕೂಡ ಅಮೆರಿಕದ್ದೇ, ಆದರೆ ನಮ್ಮ ಅಡಿಗೆಮನೆಗೆ ತೀರಾ ತಡವಾಗಿ ಬಂದದ್ದು. 1890ರ ಸುಮಾರಿಗೆ ಜಾರ್ಜ್ ವ್ಯಾಟ್ ಎಂಬ ಸಸ್ಯಶಾಸ್ತ್ರಜ್ಞ ತನ್ನ ದೊಡ್ಡ ಕೋಶದಲ್ಲಿ, ಇದನ್ನು ಮುಖ್ಯವಾಗಿ ಬೆಳೆಯುವುದು ಯುರೋಪಿಯನ್ನರಿಗಾಗಿ, ದೇಶದ ಜನ ಈಗಷ್ಟೇ ರುಚಿ ನೋಡುತ್ತಿದ್ದಾರೆ ಎಂಬರ್ಥದಲ್ಲಿ ಬರೆದಿದ್ದಾನೆ. ಬಂಗಾಳಿಗಳು ಇದನ್ನು 'ಬಿಲಾತಿ ಬೇಗುನ್', ಅಂದರೆ ವಿಲಾಯತಿ ಬದನೆ ಅನ್ನುತ್ತಿದ್ದರು. ಹಾಗಾದರೆ ಅದಕ್ಕೂ ಮುಂಚೆ ಹುಳಿ ಎಲ್ಲಿಂದ? ನಮ್ಮಲ್ಲಿ ಹುಣಸೆ, ಪುನರ್ಪುಳಿ, ಬಿಂಬುಳಿ. ದಕ್ಷಿಣ ಗುಜರಾತಿನಲ್ಲಿ ಕೋಕಂ (ಅದೇ ಪುನರ್ಪುಳಿ, ಸೂರತ್ತಿನ ಬೇಳೆಗೆ ಇಂದಿಗೂ ಅದೇ ಬೇಕು) ಮತ್ತು ಕಬ್ಬಿನ ವಿನೆಗರ್. ನವಸಾರಿಯ ಕೋಲಾ ಅವರ ವಿನೆಗರಿಗೆ 1885ರಿಂದಲೂ ಹೆಸರು. ಪಾತಿಯೊದಲ್ಲಿ ಟೊಮೆಟೊ ಇದ್ದೂ ವಿನೆಗರ್ ಬಿಡದಿರುವುದು ಹಳೆಯ ಹುಳಿಯ ನೆನಪಿಗೆ ಅಂತ ನನ್ನ ಊಹೆ.

ಈ ಇತಿಹಾಸ ಗೊತ್ತಿರುವವನಿಗೆ 2021ರ ನವೆಂಬರ್ ಸ್ವಲ್ಪ ಕಷ್ಟದ ತಿಂಗಳು. ರಾಜಕೋಟ್, ವಡೋದರ, ಅಹಮದಾಬಾದಿನಲ್ಲಿ ಮೊಟ್ಟೆ, ಮಾಂಸದ ಗಾಡಿಗಳನ್ನು ಮುಖ್ಯರಸ್ತೆಗಳಿಂದ ಎತ್ತಿಸಲು ಹೊರಟರು. ಗಾಡಿಯವರು ಕೋರ್ಟಿಗೆ ಹೋದರು. ಡಿಸೆಂಬರಿನಲ್ಲಿ ಗುಜರಾತ್ ಹೈಕೋರ್ಟು, ಜನ ಏನು ತಿನ್ನಬೇಕೆಂದು ತೀರ್ಮಾನಿಸಲು ನೀವು ಯಾರು ಅಂತ ಅಹಮದಾಬಾದ್ ಪಾಲಿಕೆಯನ್ನು ಕೇಳಿತು. ನಾವಂತೂ ಭಾನುವಾರ ಕಿಟಕಿ ಮುಚ್ಚಿಯೇ ಮೀನು ಹುರಿಯುತ್ತೇವೆ. ಯಾರೂ ಮುಚ್ಚಿ ಅಂದಿಲ್ಲ, ಅಭ್ಯಾಸ ಆಗಿಬಿಟ್ಟಿದೆ.

ಮಾಡುವವರಿಗೆ: ರೋಹು ತುಂಡುಗಳಿಗೆ ಉಪ್ಪು, ಅರಿಸಿನ ಸವರಿ ಅರ್ಧ ಗಂಟೆ ಬಿಟ್ಟು, ಶೇಂಗಾ ಎಣ್ಣೆಯಲ್ಲಿ ಹದವಾಗಿ ಹುರಿಯಿರಿ, ಗರಿಗರಿ ಬೇಡ. ಅದೇ ಎಣ್ಣೆಯಲ್ಲಿ ಈರುಳ್ಳಿ, ನೆನೆಸಿದ ಬ್ಯಾಡಗಿ-ಬೆಳ್ಳುಳ್ಳಿ-ಜೀರಿಗೆ ಅರೆದದ್ದು, ಟೊಮೆಟೊ. ಎಣ್ಣೆ ಬಿಡುವ ತನಕ ಅವಸರ ಮಾಡಬೇಡಿ. ಸ್ವಲ್ಪ ನೀರು, ಚೂರು ಬೆಲ್ಲ, ಎರಡು ಸಿಪ್ಪೆ ಪುನರ್ಪುಳಿ. ಕುದಿ ಬಂದ ಮೇಲೆ ಮೀನು ಇಳಿಸಿ ಐದು ನಿಮಿಷ ಸಾಕು. ಕೊನೆಗೆ ಒಳ್ಳೆಮೆಣಸು ಕುಟ್ಟಿ ಉದುರಿಸಿ. ಮರುದಿನಕ್ಕೆ ಇನ್ನೂ ರುಚಿ, ಆದರೆ ನಮ್ಮಲ್ಲಿ ಉಳಿಯುವುದು ಕಮ್ಮಿ.