ಪರ್ಮನೆಂಟ್ ಅಡ್ರೆಸ್

ಹೊಸ ಕಂಪನಿಗೆ ಸೇರುವಾಗ ಫಾರ್ಮ್ ತುಂಬುತ್ತಾ ಕೂತಿದ್ದೆ. ಕರೆಂಟ್ ಅಡ್ರೆಸ್ ಸುಲಭ, ಬೆಂಗಳೂರಿನ ಬಾಡಿಗೆ ಮನೆ. ಪರ್ಮನೆಂಟ್ ಅಡ್ರೆಸ್ ಅಂತ ಇದ್ದಲ್ಲಿ ಎಂದಿನಂತೆ ತೀರ್ಥಹಳ್ಳಿ ತಾಲೂಕಿನ ನಮ್ಮೂರ ಹೆಸರು ಹಾಕಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯ ನೋಡಿ, “ಅದೆಂತ ಪರ್ಮನೆಂಟು ಮಾರಾಯ? ನಾವು ಅಲ್ಲಿಗೆ ಬಂದಿದ್ದೇ ಮುಳುಗಡೆ ಆದ್ಮೇಲೆ” ಅಂದ್ರು.

ಪರ್ಮನೆಂಟ್ ಅನ್ನೋ ಪದ ಲ್ಯಾಟಿನ್ನಿನಿಂದ ಬಂದದ್ದು. ಮೂಲ ಅರ್ಥ ‘ಕೊನೆತನಕ ಉಳಿಯುವುದು’. ನಮ್ಮ ಸರ್ಕಾರಿ ಕಡತಗಳ ‘ಕಾಯಂ’ ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ‘ನಿಂತಿರುವುದು’. ನಿಲ್ಲೋದು ಬೇರೆ, ಉಳಿಯೋದು ಬೇರೆ ಅಂತ ತಿಳೀಬೇಕಾದ್ರೆ ಶರಾವತಿ ಕಣಿವೆ ನೋಡಬೇಕು.

ಜೋಗದ ವಿದ್ಯುತ್ ಕೇಂದ್ರ ಶುರುವಾಗಿದ್ದು 1948ರಲ್ಲಿ. ಅದಕ್ಕೆ ನೀರು ಹಿಡಿದಿಡೋಕೆ ಸಾಗರ ತಾಲೂಕಿನ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು. 1964ರಲ್ಲಿ ಅದರ ಕೆಳಗಡೆ ಲಿಂಗನಮಕ್ಕಿ ಎದ್ದಿತು. ಗರಿಷ್ಠ ಮಟ್ಟ 1819 ಅಡಿ, ಸುಮಾರು 151 ಟಿಎಂಸಿ ನೀರು. ಹಳೇ ಅಣೆಕಟ್ಟು ಹೊಸ ಅಣೆಕಟ್ಟಿನ ಹಿನ್ನೀರಲ್ಲೇ ಮುಳುಗಿಹೋಯ್ತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಈಗಲೂ ಕಾಣುತ್ತೆ. ನಿಂತೇ ಇದೆ, ಕಾಯಂ. ಕೆಲಸ ಮಾತ್ರ ಇಲ್ಲ.

ಅದರ ಜೊತೆ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳೂ ಮುಳುಗಿದವು. ನಮ್ಮಜ್ಜ ಹೊಸನಗರದ ಕಡೆ ಗೇಣಿಗೆ ಗದ್ದೆ ಮಾಡ್ತಿದ್ದರು. ಗೇಣಿದಾರರ ಸತ್ಯಾಗ್ರಹ ಸಾಗರದ ಕಾಗೋಡಿನಲ್ಲಿ 1951ರಲ್ಲೇ ನಡೆದಿತ್ತು. ಆದರೆ ಗೇಣಿದಾರನನ್ನೇ ಭೂಮಿಯ ಒಡೆಯನನ್ನಾಗಿ ಮಾಡಿದ ಕಾಯ್ದೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರಲ್ಲಿ. ಅದಕ್ಕಿಂತ 10 ವರ್ಷ ಮೊದಲೇ ನೀರು ಬಂದಿತ್ತು. ಅಜ್ಜ ಉತ್ತ ಗದ್ದೆ ದಾಖಲೆಯಲ್ಲಿ ಒಡೆಯರದ್ದು, ಪರಿಹಾರವೂ ಒಡೆಯರಿಗೇ ಹೋಯ್ತು. ಅಜ್ಜನಿಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಕಾಡಿನಲ್ಲೊಂದು ಜಾಗ. ಅದನ್ನ ಹಸನು ಮಾಡಿ ಅಡಿಕೆ ಹಾಕಿದರು. ಹಕ್ಕುಪತ್ರ ಬರಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು ದಾಖಲೆಯಲ್ಲಿ ಇವತ್ತಿಗೂ ‘ಅರಣ್ಯ’ ಅಂತಿರೋ ನೆಲದ ಮೇಲೆ ಮೂರನೇ ತಲೆಮಾರು ಕಾಣ್ತಿವೆ.

ಅವರ ಊರು ಮುಳುಗಿಸಿದ ನೀರಿಂದ ಬಂದ ಕರೆಂಟಲ್ಲಿ ನಾಡು ಬೆಳಗಿತು. ಈ ಲ್ಯಾಪ್‌ಟಾಪ್ ಚಾರ್ಜ್ ಮಾಡುವಾಗಲೂ ಅದು ನೆನಪಿರಬೇಕು.

ಆ ಜಾಗ ಖಾಲಿ ಬಿಟ್ರೆ ಫಾರ್ಮ್ ಮುಂದಕ್ಕೆ ಹೋಗಲ್ಲ. ತೀರ್ಥಹಳ್ಳಿಯದ್ದೇ ಉಳಿಸಿ ಸಬ್ಮಿಟ್ ಒತ್ತಿದೆ.

“ನಿನ್ನ ಕೆಲಸ ಪರ್ಮನೆಂಟಾ?” ಅಪ್ಪಯ್ಯ ಕೇಳಿದ್ರು.

“ಇಲ್ಲ ಅಪ್ಪಯ್ಯ, ಮೊದಲು ಆರು ತಿಂಗಳು ಪ್ರೊಬೇಷನ್.”

“ಅಷ್ಟೇನಾ? ನಮ್ದು ಅರವತ್ತು ವರ್ಷ ದಾಟ್ತು.”